90 ವರ್ಷ ಉಳಿದ ಒಂದು ತಪ್ಪು ರೀಡಿಂಗ್, ಮತ್ತೆ ನಮ್ಮ ತೋಟದ ಮಳೆ ಲೆಕ್ಕ

ಸ್ವಲ್ಪ ಉದ್ದದ ಬರಹ ಇದು. ಔಷಧಿ ಹೊಡೆಯೋ ಕೆಲಸ ಮುಗಿಸಿ ಪುರುಸೊತ್ತಾದಾಗ ಓದಿ.

ಈ ಮಳೆಗಾಲದಲ್ಲಿ ನನಗೆ ಹೆಚ್ಚು ಬಂದ ಪ್ರಶ್ನೆ ಕೊಳೆರೋಗದ್ದಲ್ಲ. "ತೋಟದಲ್ಲಿ ಹಾಕಿಸಿದ ಮಿಷನ್ನು ಮೊನ್ನೆ ಒಂದು ಮಳೆ ತೋರಿಸ್ತು, ಇವತ್ತು ಅದೇ ತಾರೀಕಿಗೆ ಬೇರೆ ತೋರಿಸ್ತಿದೆ. ಹಳೇ ಲೆಕ್ಕ ತಿದ್ದಿದವರು ಯಾರು?" ಅನ್ನೋದು. ಮೂರ್ನಾಲ್ಕು ಜನ ಕೇಳಿದ್ರು, ಮೂರೂ ಬೇರೆ ಬೇರೆ ಕಂಪನಿಯ ಮಿಷನ್ನು. ಒಬ್ಬರಿಗಂತೂ ಯಾರೋ ಬೇಕಂತಲೇ ಮೋಸ ಮಾಡ್ತಿದ್ದಾರೆ ಅನ್ನೋ ಸಂಶಯ. ಸಂಶಯ ಬರೋದು ಸಹಜ. ಅಡಿಕೆಗೆ, ಕಾಳುಮೆಣಸಿಗೆ ನಮ್ಮಲ್ಲಿ ಇರೋದು ಹವಾಮಾನ ಆಧಾರಿತ ವಿಮೆ. ಕೊಳೆ ಬಂದು ಎಷ್ಟು ಕಾಯಿ ಉದುರಿತು ಅನ್ನೋದಕ್ಕಿಂತ ಪಂಚಾಯಿತಿ ಮಳೆಮಾಪಕ ಎಷ್ಟು ಬರೆದುಕೊಂಡಿತು ಅನ್ನೋದರ ಮೇಲೆ ದುಡ್ಡು ನಿಂತಿದೆ. ಅಲ್ಲಿನ ಅಂಕಿ ಸರಿಯಿಲ್ಲ ಅಂತ ವಾದ ಮಾಡಬೇಕಾದರೆ ನಮ್ಮ ಕೈಯಲ್ಲಿ ಒಂದು ನಂಬುವಂಥ ಲೆಕ್ಕ ಇರಬೇಕು. ನಮ್ಮ ಲೆಕ್ಕವೇ ದಿನಕ್ಕೊಂದು ಥರ ಬದಲಾದರೆ ಯಾರು ಕೇಳ್ತಾರೆ?

ಇದಕ್ಕೆ ನೇರವಾಗಿ ಉತ್ತರ ಹೇಳೋ ಮುಂಚೆ ಲಿಬಿಯಾ ದೇಶದ ಒಂದು ಹಳೇ ಪುಸ್ತಕದ ಕಥೆ ಹೇಳ್ತೀನಿ. ಕಥೆ ಅಂದರೆ ಕಟ್ಟುಕಥೆ ಅಲ್ಲ, ನಡೆದದ್ದೇ. ಹಳೇ ರೀಡಿಂಗ್ ಒಂದರ ತಪ್ಪು ಹುಡುಕೋದು ಹೇಗೆ ಅನ್ನೋದನ್ನು ನಾನು ಕಂಡುಕೊಂಡಿದ್ದು ಇದರಿಂದ.

ಉತ್ತರ ಆಫ್ರಿಕಾದ ಲಿಬಿಯಾ ಆಗ ಇಟಲಿಯವರ ಕೈಯಲ್ಲಿತ್ತು. ರಾಜಧಾನಿ ಟ್ರಿಪೋಲಿಯಿಂದ ತೆಂಕಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಅಲ್ ಅಜೀಜಿಯಾ ಅಂತ ಒಂದು ಊರು. ಅಲ್ಲಿ ಇಟಲಿಯವರ ಸೈನ್ಯದ ಠಾಣೆ, ಠಾಣೆಯಲ್ಲೊಂದು ಹವಾಮಾನ ಕೇಂದ್ರ. 1922ರ ಸೆಪ್ಟೆಂಬರ್ 13ರಂದು ಅಲ್ಲಿನ ದಾಖಲೆ ಪುಸ್ತಕದಲ್ಲಿ ಗರಿಷ್ಠ ತಾಪಮಾನ 58 ಡಿಗ್ರಿ ಸೆಲ್ಸಿಯಸ್ ಅಂತ ಬರೆದರು. ಭೂಮಿ ಮೇಲೆ ಎಲ್ಲೂ ಯಾವತ್ತೂ ಯಾರೂ ಅಳೆಯದಷ್ಟು ಬಿಸಿ. ಆ ಅಂಕಿ ಶಾಲೆ ಪುಸ್ತಕಗಳಿಗೆ ಹೋಯಿತು, ಭೂಪಟಗಳಿಗೆ ಹೋಯಿತು, ರಸಪ್ರಶ್ನೆಗಳಿಗೆ ಹೋಯಿತು. "ಪ್ರಪಂಚದಲ್ಲಿ ಅತಿ ಹೆಚ್ಚು ಬಿಸಿಲಿನ ಜಾಗ ಯಾವುದು?" ಅಂದರೆ ಅಲ್ ಅಜೀಜಿಯಾ ಅಂತ ನಮ್ಮಲ್ಲಿ ಎಷ್ಟು ಜನ ಬಾಯಿಪಾಠ ಮಾಡಿಲ್ಲ ಹೇಳಿ.

ಅನುಮಾನ ಹಳೇದೇ. ಆದರೆ ಅಧಿಕೃತವಾಗಿ ತನಿಖೆ ಆಗಿದ್ದು 2010ರಿಂದ ಈಚೆಗೆ. ಹವಾಮಾನ ಇತಿಹಾಸ ಬರೆಯುವ ಅಮೆರಿಕದ ಕ್ರಿಸ್ಟೋಫರ್ ಬರ್ಟ್ ಅನ್ನುವವರು ಪ್ರಶ್ನೆ ಎತ್ತಿದರು. ವಿಶ್ವ ಹವಾಮಾನ ಸಂಸ್ಥೆ ಲಿಬಿಯಾ, ಇಟಲಿ, ಸ್ಪೇನ್, ಈಜಿಪ್ಟ್, ಫ್ರಾನ್ಸ್, ಮೊರಾಕೊ, ಅರ್ಜೆಂಟೀನಾ, ಅಮೆರಿಕ, ಬ್ರಿಟನ್‌ಗಳ ತಜ್ಞರನ್ನು ಸೇರಿಸಿ ಒಂದು ಸಮಿತಿ ಮಾಡಿತು. ಲಿಬಿಯಾದ ಹವಾಮಾನ ಕೇಂದ್ರದ ಖಾಲಿದ್ ಎಲ್ ಫದ್ಲಿ ಅದರಲ್ಲಿದ್ದರು. ಈ ಮನುಷ್ಯ ಮಾಡಿದ ದೊಡ್ಡ ಕೆಲಸ ಅಂದರೆ 1922ರ ಮೂಲ ಹಾಳೆಯನ್ನೇ ಹುಡುಕಿ ತೆಗೆದದ್ದು. ಅಚ್ಚಾದ ಪಟ್ಟಿ ಅಲ್ಲ, ನಕಲಿಸಿದ್ದೂ ಅಲ್ಲ, ಅವತ್ತು ಕೈಯಲ್ಲಿ ಬರೆದ ಹಾಳೆ. ಅಷ್ಟರಲ್ಲಿ 2011ರಲ್ಲಿ ಲಿಬಿಯಾದಲ್ಲಿ ದಂಗೆ ಎದ್ದು ಅವರ ಸಂಪರ್ಕವೇ ತಿಂಗಳುಗಟ್ಟಲೆ ಕಡಿದುಹೋಯಿತು. ಬದುಕಿದ್ದಾರೋ ಇಲ್ಲವೋ ಸಮಿತಿಯವರಿಗೆ ಗೊತ್ತಿಲ್ಲ. ಕೆಲಸ ನಿಂತಿತು. ಆ ವರ್ಷ ಆಗಸ್ಟ್‌ನಲ್ಲಿ ಅವರು ಮತ್ತೆ ಸಿಕ್ಕ ಮೇಲೆ ಮುಂದುವರಿಯಿತು. ಒಂದು ಹಳೇ ಥರ್ಮಾಮೀಟರ್ ರೀಡಿಂಗಿಗೆ ಇಷ್ಟೆಲ್ಲಾ.

ಹಾಳೆ ನೋಡಿದರೆ ಏನು ಕಂಡಿತು ಗೊತ್ತಾ? ಸೆಪ್ಟೆಂಬರ್ 11ರಿಂದ ಕೈಬರಹ ಬದಲಾಗಿದೆ. ಅಂದರೆ ರೀಡಿಂಗ್ ತೆಗೆಯುವವರು ಬದಲಾಗಿದ್ದಾರೆ. ಹೊಸಬರು ಅಂಕಿಗಳನ್ನು ಬರೆಯಬೇಕಾದ ಕಾಲಂ ಬಿಟ್ಟು ಬೇರೆ ಕಾಲಂನಲ್ಲಿ ಬರೆದಿದ್ದಾರೆ. ಕೆಲಸ ಇನ್ನೂ ಕೈಗೆ ಹತ್ತಿಲ್ಲ ಅನ್ನೋದು ಅಲ್ಲೇ ಗೊತ್ತಾಗುತ್ತೆ. ದಾಖಲೆಯ 58 ಡಿಗ್ರಿ ಬಂದದ್ದು ಅವರು ಬಂದ ಮೂರನೇ ದಿನ.

ಇನ್ನೊಂದು ವಿಷಯ ಉಪಕರಣದ್ದು. ಅಲ್ಲಿದ್ದ ಒಳ್ಳೆಯ ಥರ್ಮಾಮೀಟರ್ ಕೆಟ್ಟಿತ್ತು, ಬದಲಿಗೆ ಸಿಕ್ಸ್-ಬೆಲ್ಲಾನಿ ಅನ್ನೋ ಬಗೆಯದ್ದು ಬಳಸ್ತಿದ್ದರು. ಪಾಲಿಹೌಸ್ ಇದ್ದವರಿಗೆ ಇದರ ತಮ್ಮ ಗೊತ್ತಿರಬಹುದು, ಇಂಗ್ಲಿಷ್ ಯು ಅಕ್ಷರದ ಆಕಾರದ ಗಾಜಿನ ಕೊಳವೆ, ಬುಡದಲ್ಲಿ ಪಾದರಸ. ಇಂಗ್ಲೆಂಡಿನ ಜೇಮ್ಸ್ ಸಿಕ್ಸ್ 1780ರ ಸುಮಾರಿಗೆ ಕಂಡುಹಿಡಿದದ್ದು. ಬಿಸಿ ಏರಿದ ಹಾಗೆ ಪಾದರಸ ಒಂದು ಸಣ್ಣ ಉಕ್ಕಿನ ಕಡ್ಡಿಯನ್ನು ಮೇಲೆ ತಳ್ಳುತ್ತೆ. ತಂಪಾದಾಗ ಪಾದರಸ ಕೆಳಗೆ ಇಳಿಯುತ್ತೆ, ಕಡ್ಡಿ ಮಾತ್ರ ಅಲ್ಲೇ ನಿಂತಿರುತ್ತೆ. ರೀಡಿಂಗ್ ತೆಗೀಬೇಕಾದ್ದು ಆ ಕಡ್ಡಿಯ ಕೆಳತುದಿಯಲ್ಲಿ, ಯಾಕಂದ್ರೆ ಪಾದರಸ ಮುಟ್ಟಿದ್ದು ಅಲ್ಲಿಗೆ. ಗೊತ್ತಿಲ್ಲದವರು ಮೇಲ್ತುದಿ ನೋಡಿ ಬರೆದುಬಿಡ್ತಾರೆ. ಅಲ್ ಅಜೀಜಿಯಾದ ಥರ್ಮಾಮೀಟರಲ್ಲಿ ಆ ಕಡ್ಡಿಯ ಉದ್ದವೇ ಸುಮಾರು 7 ಡಿಗ್ರಿಯಷ್ಟು. 58ರಲ್ಲಿ 7 ಕಳೆಯಿರಿ, 51. ಬಿಸಿಯೇ ಹೌದು, ಆದರೆ ವಿಶ್ವದಾಖಲೆ ಅಲ್ಲ.

ಸಮಿತಿ ಇಷ್ಟಕ್ಕೇ ನಿಲ್ಲಿಸಲಿಲ್ಲ. ಅವತ್ತು ಸುತ್ತಮುತ್ತಲಿನ ಊರುಗಳಲ್ಲಿ ಎಷ್ಟಿತ್ತು ನೋಡಿದರು, ಹೊಂದಲಿಲ್ಲ. ಆಮೇಲಿನ ವರ್ಷಗಳಲ್ಲಿ ಅದೇ ಊರಿನ ತಾಪಮಾನದ ಜೊತೆ ತಾಳೆ ಹಾಕಿದರು, ಅದೂ ಹೊಂದಲಿಲ್ಲ. ಉಪಕರಣ ಇಟ್ಟ ನೆಲ ಡಾಂಬರಿನಂಥದ್ದು, ಸುತ್ತಲಿನ ಮರಳುಗಾಡಿನ ಹಾಗಲ್ಲ. ಎಲ್ಲಾ ಸೇರಿಸಿ 2012ರ ಸೆಪ್ಟೆಂಬರ್ 13ಕ್ಕೆ, ಸರಿಯಾಗಿ 90 ವರ್ಷಕ್ಕೆ, ಆ ದಾಖಲೆಯನ್ನು ತೆಗೆದುಹಾಕಿದರು. ಪಟ್ಟ ಅಮೆರಿಕದ ಡೆತ್ ವ್ಯಾಲಿಗೆ ಹೋಯಿತು, 1913ರ ಜುಲೈ 10ರ 56.7 ಡಿಗ್ರಿ. (ತಮಾಷೆ ಅಂದರೆ ಅದರ ಮೇಲೂ ಅನುಮಾನ ಇದೆ. ಅನುಮಾನ ಪಡುವವರಲ್ಲಿ ಅದೇ ಬರ್ಟ್ ಒಬ್ಬರು.)

ನನಗೆ ಇಲ್ಲಿ ಮುಖ್ಯ ಅನಿಸಿದ್ದು ಬೇರೆ. 58 ಅನ್ನೋ ಅಂಕಿಯನ್ನೇ ಎಷ್ಟು ಹೊತ್ತು ದಿಟ್ಟಿಸಿದರೂ ಅದು ತಪ್ಪೋ ಸರಿಯೋ ಗೊತ್ತಾಗ್ತಿರಲಿಲ್ಲ. ಗೊತ್ತಾಗಿದ್ದು ಅದರ ಅಕ್ಕಪಕ್ಕ ಇದ್ದದ್ದರಿಂದ: ಯಾರ ಕೈಬರಹ, ಯಾವ ಕಾಲಂ, ಯಾವ ಉಪಕರಣ, ನೆಲ ಎಂಥದ್ದು, ಪಕ್ಕದ ಊರಲ್ಲಿ ಎಷ್ಟು. ಯಾರಾದರೂ ಬುದ್ಧಿವಂತರು 1922ರಲ್ಲೇ "ಇದು ಕೊಳಕು ಹಾಳೆ, ನೀಟಾಗಿ ಬೇರೆ ಬರೆಯೋಣ" ಅಂತ ಅಂಕಿ ಮಾತ್ರ ನಕಲು ಮಾಡಿಕೊಂಡು ಮೂಲ ಹರಿದು ಹಾಕಿದ್ದರೆ, ಇವತ್ತಿಗೂ ನಮ್ಮ ಮಕ್ಕಳು 58 ಅಂತಲೇ ಓದ್ತಿದ್ದರು.

ಈಗ ಇದರ ಉಲ್ಟಾ ಕಥೆ. ಇಲ್ಲಿ ವಿಚಿತ್ರವಾಗಿ ಕಂಡ ರೀಡಿಂಗೇ ಸರಿ ಇತ್ತು.

ದಕ್ಷಿಣ ಧ್ರುವದ ಅಂಟಾರ್ಕ್ಟಿಕಾದಲ್ಲಿ ಬ್ರಿಟಿಷರ ಹ್ಯಾಲಿ ಬೇ ಅನ್ನೋ ಕೇಂದ್ರ ಇದೆ. ಅಲ್ಲಿ 1950ರ ದಶಕದ ಕೊನೆಯಿಂದ ಡಾಬ್ಸನ್ ಉಪಕರಣ ಇಟ್ಟು ಆಕಾಶದ ಓಝೋನ್ ಅಳೀತಾ ಬಂದಿದ್ದರು. ವರ್ಷಗಟ್ಟಲೆ ಹಾಳೆಗಳು ಕಂಪ್ಯೂಟರಿಗೆ ಏರದೆ ರಾಶಿ ಬಿದ್ದಿದ್ದವು. ಜೊನಾಥನ್ ಶಾಂಕ್ಲಿನ್ ಅನ್ನೋ ಯುವಕನಿಗೆ ಆ ಕೆಲಸ ಸಿಕ್ಕಿತು. ಅವರು ಗೆರೆ ಎಳೆದು ನೋಡಿದರೆ, ಅಕ್ಟೋಬರ್ ತಿಂಗಳ ಓಝೋನ್ ಮೊದಲು ಸುಮಾರು 300 ಯೂನಿಟ್ ಇದ್ದದ್ದು 1984ರ ಹೊತ್ತಿಗೆ 200ರ ಆಸುಪಾಸಿಗೆ ಬಂದಿದೆ. ಅವರ ಹಿರಿಯರು ಜೋ ಫಾರ್ಮನ್. ಅವರು ಮೊದಲು ಮಾಡಿದ್ದೇನು? ಉಪಕರಣ ಹಳೇದಾಗಿದೆ ಅಂತ ಅನುಮಾನ ಪಟ್ಟು ಹೊಸದು ತರಿಸಿ ಅಳೆಸಿದ್ದು. ಹೊಸದೂ ಅದನ್ನೇ ಹೇಳಿತು. ಆದರೂ ಒಂದು ಗೊಂದಲ. ಅಮೆರಿಕದ ನಾಸಾದವರ ನಿಂಬಸ್-7 ಉಪಗ್ರಹ 1978ರಿಂದ ಮೇಲಿಂದ ಇಡೀ ಭೂಮಿಯ ಓಝೋನ್ ಅಳೀತಿದೆ, ಅವರು ಯಾಕೆ ಏನೂ ಹೇಳ್ತಿಲ್ಲ?

ಉಪಗ್ರಹವೂ ಅದನ್ನು ಕಂಡಿತ್ತು. ಆದರೆ ಅದರ ಲೆಕ್ಕ ನೋಡುವ ಪ್ರೋಗ್ರಾಮಿನಲ್ಲಿ 180ಕ್ಕಿಂತ ಕಮ್ಮಿ ಬಂದರೆ "ಅನುಮಾನದ ರೀಡಿಂಗ್" ಅಂತ ಗುರುತು ಹಾಕುವ ನಿಯಮ ಇತ್ತು. ಗುರುತು ಬಿದ್ದ ರೀಡಿಂಗ್‌ಗಳು ಜಾಸ್ತಿ ಆದಾಗ ಅಲ್ಲಿನವರು ಸರಿಯಾಗೇ ಯೋಚಿಸಿ, ನೆಲದ ಮೇಲಿನ ಬೇರೆ ಕೇಂದ್ರದ ಜೊತೆ ಹೋಲಿಸಿ ನೋಡಿದರು. ಅಲ್ಲೇ ಗ್ರಹಚಾರ ಕೆಟ್ಟದ್ದು. ಹೋಲಿಸಿದ್ದು ದಕ್ಷಿಣ ಧ್ರುವದ ಅಮೆರಿಕನ್ ಕೇಂದ್ರದ ಜೊತೆ, ಅಲ್ಲಿಂದ ಬಂದಿದ್ದ ಅಂಕಿಯೇ ತಪ್ಪಿತ್ತು, ಅದು 300ರ ಹತ್ತಿರ ಅಂತ ಹೇಳ್ತಿತ್ತು. ಹಾಗಾಗಿ ಉಪಗ್ರಹದ್ದೇ ತೊಂದರೆ ಇರಬೇಕು ಅಂತ ಅವರು ಹಿಂದೆಮುಂದೆ ನೋಡೋ ಹೊತ್ತಿಗೆ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಮೂವರೂ 1985ರ ಮೇ 16ಕ್ಕೆ ನೇಚರ್ ಪತ್ರಿಕೆಯಲ್ಲಿ ಬರೆದೇಬಿಟ್ಟರು. ಓಝೋನ್ ರಂಧ್ರ ಅಂತ ನಾವೆಲ್ಲಾ ಕೇಳಿದ್ದು ಅದೇ. ಎರಡು ವರ್ಷದಲ್ಲಿ, 1987ರ ಸೆಪ್ಟೆಂಬರ್ 16ಕ್ಕೆ, ಓಝೋನ್ ಹಾಳುಮಾಡುವ ಅನಿಲಗಳ ಮೇಲೆ ಮಾಂಟ್ರಿಯಲ್ ಒಪ್ಪಂದ ಆಯಿತು.

"ನಾಸಾದ ಕಂಪ್ಯೂಟರ್ ಆ ಡೇಟಾ ಅಳಿಸಿಹಾಕಿತ್ತು" ಅಂತ ಈಗಲೂ ಬಹಳ ಜನ ಬರೀತಾರೆ. ಅದು ಸರಿಯಲ್ಲ. ಅಳಿಸಿರಲಿಲ್ಲ, ಗುರುತು ಮಾತ್ರ ಹಾಕಿತ್ತು. ಮೂಲ ರೀಡಿಂಗ್ ಹಾಗೇ ಇತ್ತು. ಅದಕ್ಕೇ ಮತ್ತೆ ತೆಗೆದು ಲೆಕ್ಕ ಹಾಕಿ, ರಂಧ್ರ ಒಂದು ಕೇಂದ್ರದ ಮೇಲಷ್ಟೇ ಅಲ್ಲ, ಇಡೀ ಅಂಟಾರ್ಕ್ಟಿಕಾ ಮೇಲೆ ಹರಡಿದೆ ಅಂತ ಅವರು ತೋರಿಸೋದಕ್ಕೆ ಆಗಿದ್ದು. ನಿಜಕ್ಕೂ ಅಳಿಸಿದ್ದರೆ ಆ ವರ್ಷಗಳು ಹೋದಂಗೇ.

ಮೂರನೇದು ಚಿಕ್ಕದು, ಬೇಗ ಹೇಳಿಬಿಡ್ತೀನಿ. ಸಮುದ್ರದ ನೀರಿನ ಬಿಸಿಯ ಹಳೇ ಲೆಕ್ಕದಲ್ಲಿ 1945ರಲ್ಲಿ ಪ್ರಪಂಚದ ಕಡಲೆಲ್ಲಾ ಒಂದೇ ಸಲಕ್ಕೆ ಸುಮಾರು 0.3 ಡಿಗ್ರಿ ತಂಪಾದಂತೆ ಕಾಣುತ್ತೆ. 2008ರಲ್ಲಿ ಕಾರಣ ಹೇಳಿದರು: ಕಡಲು ತಂಪಾಗಿರಲಿಲ್ಲ, ಹಡಗು ಬದಲಾಗಿದ್ದವು. ಯುದ್ಧದ ಕಾಲದಲ್ಲಿ ಹೆಚ್ಚಿನ ರೀಡಿಂಗ್ ಅಮೆರಿಕದ ಹಡಗುಗಳದ್ದು, ಅವರು ಎಂಜಿನ್ನಿಗೆ ಎಳೆಯುವ ನೀರು ಅಳೀತಿದ್ದರು, ಅದು ಸ್ವಲ್ಪ ಬೆಚ್ಚಗೆ. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಹಡಗುಗಳು ಜಾಸ್ತಿ ಆದವು, ಅವರು ಬಕೆಟ್ಟು ಇಳಿಬಿಟ್ಟು ನೀರು ಎತ್ತಿ ಅಳೆಯೋರು, ಎತ್ತೋ ಹೊತ್ತಿಗೆ ಗಾಳಿಗೆ ಅದು ತಣಿಯೋದು. ತೋಟದಲ್ಲಿ ಸೀಸನ್ ಮಧ್ಯೆ ಸೆನ್ಸರ್ ಬದಲಾಯಿಸಿ ಎರಡನ್ನೂ ಒಂದೇ ಗೆರೆಯಲ್ಲಿ ನೋಡುವವರು ಇದನ್ನು ನೆನಪಿಟ್ಟುಕೊಳ್ಳಿ.

ಸರಿ, ಈಗ ನಮ್ಮ ಮಿಷನ್ನಿಗೆ ಬರೋಣ. ಇಲ್ಲಿ ಕೈಬರಹ ಇಲ್ಲ. ಕೊಡೆ ಹಿಡಿದು ಹೋಗಿ ನೋಡುವ ಮನುಷ್ಯನೂ ಇಲ್ಲ. ಪೆಟ್ಟಿಗೆ ಅಳೀತದೆ, ಸಿಮ್ಮಿನಿಂದ ಎಲ್ಲೋ ಇರುವ ಸರ್ವರಿಗೆ ಕಳಿಸ್ತದೆ, ಅಲ್ಲಿ ಒಂದೊಂದು ಅಂಕಿಗೂ ಒಂದು ಸಮಯ ಅಂಟಿಸಿ ಸಾಲಾಗಿ ಇಡ್ತಾರೆ. ಆದರೂ ಅಂಕಿ ಬದಲಾದರೆ, ಬದಲಾದ ರೀತಿಯಲ್ಲೇ ಕಾರಣದ ಗುರುತು ಇರ್ತದೆ. ಇದು ನಾನು ನನ್ನ ಪೆಟ್ಟಿಗೆ ಮತ್ತೆ ಅಕ್ಕಪಕ್ಕದವರದ್ದು ನೋಡಿ ಹೇಳ್ತಿರೋದು.

ಮೊದಲು ದಿನದ ಲೆಕ್ಕ. ನಮ್ಮ ಹವಾಮಾನ ಇಲಾಖೆಯ ಮಳೆ ದಿನ ಮಧ್ಯರಾತ್ರಿಗೆ ಶುರು ಆಗೋದಿಲ್ಲ. ಬೆಳಿಗ್ಗೆ 8.30ಕ್ಕೆ ಅಳೆದರೆ, ಅದು ಹಿಂದಿನ ದಿನ 8.30ರಿಂದ ಬಿದ್ದ ಮಳೆ. ಅಂದರೆ ಸೋಮವಾರ ರಾತ್ರಿ ಹೊಡೆದ ಮಳೆ ಮಂಗಳವಾರದ ಲೆಕ್ಕಕ್ಕೆ ಹೋಗುತ್ತೆ. ನಿಮ್ಮ ಮಿಷನ್ನು ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಕೂಡ್ತಿದ್ದರೆ ಎರಡೂ ಹೊಂದೋದೇ ಇಲ್ಲ, ಯಾರದ್ದೂ ತಪ್ಪಿಲ್ಲದೆ. ಇದರ ಮೇಲೆ ಇನ್ನೊಂದು: ಸರ್ವರುಗಳು ಸಮಯವನ್ನು ಸಾಮಾನ್ಯವಾಗಿ ಗ್ರೀನ್‌ವಿಚ್ ಲೆಕ್ಕದಲ್ಲಿ ಇಡ್ತವೆ, ನಮಗಿಂತ ಐದೂವರೆ ಗಂಟೆ ಹಿಂದೆ. ದಿನದ ಮೊತ್ತವನ್ನೂ ಅದೇ ಲೆಕ್ಕದಲ್ಲಿ ಕೂಡಿದರೆ ನಮ್ಮ ಬೆಳಗಿನ 5.30ಕ್ಕೆ ದಿನ ಬದಲಾಗುತ್ತೆ. ಕಂಪನಿಯವರು ಮಧ್ಯದಲ್ಲಿ ಎಚ್ಚೆತ್ತು ಅದನ್ನು ಭಾರತದ ಸಮಯಕ್ಕೆ ತಿರುಗಿಸಿದರೋ, ಹಳೇ ದಿನಗಳ ಮೊತ್ತ ಎಲ್ಲಾ ಒಂದೇ ರಾತ್ರಿಯಲ್ಲಿ ಬದಲಾಗಿ ಕೂತಿರುತ್ತೆ. ಗುರುತು ಹಿಡಿಯೋದು ಸುಲಭ. ಒಂದು ದಿನ ಕಮ್ಮಿ ಆದದ್ದು ಪಕ್ಕದ ದಿನ ಜಾಸ್ತಿ ಆಗಿರ್ತದೆ, ವಾರದ ಒಟ್ಟು ಮಾತ್ರ ಹೆಚ್ಚುಕಮ್ಮಿ ಅಷ್ಟೇ.

ಒಟ್ಟೂ ಜಾಸ್ತಿ ಆಗಿದ್ದರೆ? ಆಗ ನೆಟ್‌ವರ್ಕ್ ನೋಡಿ. ನಮ್ಮ ಕಡೆ ಮಳೆ ಜೋರಾದರೆ ಮೊದಲು ಹೋಗೋದು ಕರೆಂಟು, ಹಿಂದೆಯೇ ಟವರ್. ಪೆಟ್ಟಿಗೆ ತನ್ನೊಳಗೆ ಇಟ್ಟುಕೊಂಡಿದ್ದನ್ನು ಟವರ್ ಬಂದ ಮೇಲೆ ಒಟ್ಟಿಗೆ ಕಳಿಸುತ್ತೆ. ಆದ್ದರಿಂದ ನಿನ್ನೆಯ ಮಳೆ ಇವತ್ತು ಏರಿದರೆ ಅದು ತಿದ್ದಿದ್ದಲ್ಲ, ತಡವಾಗಿ ಬಂದದ್ದು. ಒಟ್ಟು ಕಮ್ಮಿ ಆಗಿದ್ದರೆ ಮಾತ್ರ ಸ್ವಲ್ಪ ಗಂಭೀರ. ಕೆಲವು ಡೇಟಾಬೇಸ್‌ಗಳಲ್ಲಿ ಒಂದೇ ಸೆನ್ಸರಿನಿಂದ ಒಂದೇ ಸಮಯದ ಹೆಸರಲ್ಲಿ ಎರಡು ಅಂಕಿ ಬಂದರೆ ಎರಡನೇದು ಮೊದಲಿನದ್ದರ ಮೇಲೆ ಕೂತುಬಿಡುತ್ತೆ, ಮೊದಲಿನದು ಇತ್ತು ಅನ್ನೋ ಸುಳಿವೂ ಉಳಿಯೋದಿಲ್ಲ. ಬ್ಯಾಟರಿ ಹೋಗಿ ಪೆಟ್ಟಿಗೆಯ ಗಡಿಯಾರ ಹಿಂದಕ್ಕೆ ಹೋದರೆ ಹೀಗಾಗಬಹುದು.

ಎಲ್ಲಾ ದಿನದ ಅಂಕಿಯೂ ಒಂದೇ ಪ್ರಮಾಣದಲ್ಲಿ ಏರಿದ್ದರೆ, ಉದಾಹರಣೆಗೆ 20 ಇದ್ದದ್ದು 22, 50 ಇದ್ದದ್ದು 55, ಆಗ ಯಾರೋ ತಿದ್ದುವ ಅಂಶ ಬದಲಾಯಿಸಿ ಹಳೇದಕ್ಕೂ ಗುಣಿಸಿದ್ದಾರೆ ಅಂತ ಅರ್ಥ. ಅದು ಸರಿಯಾದ ತಿದ್ದುಪಡಿಯೇ ಇರಬಹುದು. ಆದರೆ ಯಾವಾಗ, ಯಾಕೆ ಅಂತ ನಮಗೆ ಹೇಳಬೇಕಲ್ವಾ? ಕೇಳಿ. ಮೂಲ ರೀಡಿಂಗ್ ಬೇರೆ ಇಟ್ಟಿದ್ದೀರಾ ಅಂತಲೂ ಕೇಳಿ. ನಾಸಾದವರು ಇಟ್ಟಿದ್ದರು, ಇವರಿಗೇನು ಕಷ್ಟ.

ತಾಪಮಾನ, ಎಲೆ ಒದ್ದೆ, ಮಣ್ಣಿನ ತೇವ ಇವುಗಳಲ್ಲಿ ಇನ್ನೊಂದು ನಡೆಯುತ್ತೆ. ಕೆಲವು ತಿಂಗಳು ಕಳೆದ ಮೇಲೆ ಜಾಗ ಉಳಿಸೋದಕ್ಕೆ ನಿಮಿಷದ ರೀಡಿಂಗ್‌ಗಳನ್ನು ಗಂಟೆಯ ಸರಾಸರಿ ಮಾಡಿ, ನಿಮಿಷದ್ದು ತೆಗೆದುಬಿಡ್ತಾರೆ. ಏಪ್ರಿಲ್‌ನಲ್ಲಿ ನೀವು ಕಣ್ಣಾರೆ ನೋಡಿದ 39 ಡಿಗ್ರಿ ಸೆಪ್ಟೆಂಬರಲ್ಲಿ ನೋಡಿದರೆ 37 ಆಗಿರಬಹುದು. ಚೂಪಾದ ತುದಿಗಳು ಮಾತ್ರ ಸವೆದಿದ್ದು, ದಿನದ ಸರಾಸರಿ ಹಾಗೇ ಇದ್ದರೆ ಇದೇ ಕಾರಣ. ಹಿಂಗಾರ ಒಣಗಿದ್ದಕ್ಕೆ ಬಿಸಿಲು ಕಾರಣ ಅಂತ ಆಮೇಲೆ ತೋರಿಸೋಕೆ ಹೋದರೆ ಆ ತುದಿಯೇ ಇರೋದಿಲ್ಲ. ಹಾಗಾಗಿ ತಿಂಗಳಿಗೊಮ್ಮೆ ಪೂರ್ತಿ ಡೇಟಾ ಇಳಿಸಿಕೊಂಡು, ಇಳಿಸಿದ ತಾರೀಕನ್ನೇ ಫೈಲಿಗೆ ಹೆಸರಿಟ್ಟು ಇಟ್ಟುಕೊಳ್ಳಿ. ಹಳೇ ಫೈಲಿನ ಮೇಲೆ ಹೊಸದು ಹಾಕಬೇಡಿ. ಬದಲಾಗಿದೆಯಾ ಅಂತ ನೋಡೋಕೆ ಎರಡೂ ಬೇಕು.

ಇಷ್ಟೆಲ್ಲಾ ಆದಮೇಲೂ ಅಂಗಳದಲ್ಲಿ ಒಂದು ಕೈ ಮಳೆಮಾಪಕ ಇರಲಿ ಅನ್ನೋನು ನಾನು. ನಮ್ಮೂರುಗಳಲ್ಲಿ ದಶಕಗಳ ಮಳೆ ಬರೆದಿಟ್ಟ ಹಿರಿಯರು ಇದ್ದಾರೆ, ಅವರ ಪುಸ್ತಕ ನೋಡಿದ್ದೀರಾ? ಅಂಕಿ ಪಕ್ಕದಲ್ಲಿ "ಮೊಮ್ಮಗ ಓದಿದ್ದು", "ಊರಲ್ಲಿರಲಿಲ್ಲ, ಎರಡು ದಿನದ್ದು ಒಟ್ಟಿಗೆ" ಅಂತೆಲ್ಲಾ ಇರುತ್ತೆ. ಅಂಕಿಯಷ್ಟೇ ಬೆಲೆ ಆ ಮಾತುಗಳಿಗೂ ಇದೆ. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಬರೀರಿ, ಕೆಳಗಿನ ಅಂಕಿ ಓದೋಕೆ ಬರಬೇಕು. ಬಿಳಿ ಶಾಯಿ ಬಳಿಯಬೇಡಿ. ಮತ್ತೆ ಹೋಲಿಸೋದಕ್ಕೆ ಒಂದೇ ಮನೆ ಸಾಲದು, ಎರಡು ಮೂರು ಮನೆಯದ್ದು ನೋಡಿ. ಹೋಲಿಸಿದ ಒಂದು ಕೇಂದ್ರವೇ ತಪ್ಪಿದ್ದರಿಂದ ಏನಾಯಿತು ಅಂತ ಮೇಲೆ ಓದಿದಿರಲ್ಲ.

ಕೊನೇದಾಗಿ, ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲಿ ಮಾಡಬೇಕಾದ ಒಂದು ಕೆಲಸ. ನಮ್ಮ ಹೆಚ್ಚಿನ ಪೆಟ್ಟಿಗೆಗಳಲ್ಲಿ ಇರೋದು ಏತದ ಹಾಗೆ ಅತ್ತಿತ್ತ ಮಗುಚುವ ಪುಟ್ಟ ಬಟ್ಟಲು. ಮೇಲಿನ ಆಲಿಕೆಯಲ್ಲಿ ಎಲೆ, ಜೇಡನ ಬಲೆ, ಇರುವೆ ಗೂಡು ಕಟ್ಟಿದರೆ ಮಳೆ ನಿಂತ ಮೇಲೂ ನೀರು ಜಿನುಗ್ತಾ ಇರುತ್ತೆ, ಬಿಸಿಲು ಬಿದ್ದ ಹೊತ್ತಲ್ಲಿ ಮಳೆ ಅಂತ ತೋರಿಸುತ್ತೆ. ಆಲಿಕೆ ಬಿಚ್ಚಿ ತೊಳೆಯಿರಿ. ಆಮೇಲೆ ಅದರ ಬಾಯಿ ಅಳತೆ ನೋಡಿ. ಒಳಗಿನ ಅಡ್ಡಳತೆ 20 ಸೆಂಟಿಮೀಟರ್ ಇದ್ದರೆ, ಸರಿಯಾಗಿ ಅಳೆದ 1 ಲೀಟರ್ ನೀರು ಸುಮಾರು 32 ಮಿಲಿಮೀಟರ್ ಮಳೆಗೆ ಸಮ. ಬಾಟಲಿಗೆ ಸೂಜಿಯಲ್ಲಿ ತೂತು ಮಾಡಿ ನಿಧಾನಕ್ಕೆ, ಅರ್ಧ ಗಂಟೆಗೂ ಮೇಲೆ ಹಿಡಿಯುವ ಹಾಗೆ ಬಿಡಿ. ಜೋರಾಗಿ ಸುರಿದರೆ ಬಟ್ಟಲು ಮಗುಚೋ ಹೊತ್ತಲ್ಲಿ ನೀರು ತಪ್ಪಿಹೋಗಿ ಕಮ್ಮಿ ತೋರಿಸುತ್ತೆ, ಜಡಿಮಳೆಯಲ್ಲೂ ಇದೇ ಆಗೋದು. 32ರ ಹತ್ತಿರ ಬಂದರೆ ಸೈ. 25ಕ್ಕೆ ನಿಂತರೆ ಮಿಷನ್ನಿನವರಿಗೆ ಫೋನ್ ಮಾಡಿ. ಯಾವತ್ತು, ಎಷ್ಟು ಹೊತ್ತಿಗೆ ನೀರು ಬಿಟ್ಟಿರಿ ಅಂತ ಪುಸ್ತಕದಲ್ಲಿ ಬರೆದಿಡೋದು ಮರೀಬೇಡಿ. ಇಲ್ಲದಿದ್ದರೆ ಉರಿಬಿಸಿಲಿನ ಮೇ ತಿಂಗಳ ಮಧ್ಯಾಹ್ನ ನಿಮ್ಮ ತೋಟಕ್ಕೆ ಮಾತ್ರ 32 ಮಿಲಿಮೀಟರ್ ಮಳೆ ಬಿದ್ದಿದೆ ಅಂತ ಶಾಶ್ವತವಾಗಿ ಸರ್ವರಲ್ಲಿ ಕೂತಿರುತ್ತೆ.